ಪಕ್ಕದ ಮಂಚದವರಿಗೆ ಕೆಲವು ಪಾಠ

ಪೀಣ್ಯದ ಕಾರ್ಖಾನೆಗಳಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಆಪ್ತಸಮಾಲೋಚನೆ ನನ್ನ ಕೆಲಸ. ಸಾಯುವ ಯೋಚನೆ ತಲೆಗೆ ಹೊಕ್ಕವರು ತಾವಾಗಿಯೇ ನನ್ನ ಬಳಿ ಬರುವುದು ಅಪರೂಪ. ಯಾರೋ ಕರಕೊಂಡು ಬರುತ್ತಾರೆ: ಪಿಜಿಯಲ್ಲಿ ಪಕ್ಕದ ಮಂಚದಲ್ಲಿ ಮಲಗುವ ಹುಡುಗಿ, ಒಂದೇ ಲೈನಿನಲ್ಲಿ ನಿಲ್ಲುವ ಹೆಲ್ಪರ್, ಒಮ್ಮೊಮ್ಮೆ ಪಿಜಿಯ ಅಡುಗೆಯವನೇ. ಅಪ್ಪ ಅಮ್ಮ ಹಾವೇರಿಯಲ್ಲೋ ಹಾಸನದಲ್ಲೋ ಇರುತ್ತಾರೆ. ತಟ್ಟೆಯಲ್ಲಿ ಅನ್ನ ಹಾಗೇ ಉಳಿದದ್ದು ಮೊದಲು ಕಾಣುವುದು ಇವರ ಕಣ್ಣಿಗೆ. ಈ ಪಾಠಗಳು ಅಂಥವರಿಗಾಗಿ.

1. ಬಾಯಿ ಬಿಡುವ ಮೊದಲೇ ಕೈ ಹೇಳಿರುತ್ತದೆ

ಪೀಣ್ಯ ಎರಡನೇ ಹಂತದ ಒಂದು ಮಷೀನ್ ಶಾಪು. ಬಾಗಲಕೋಟೆ ಕಡೆಯ ಸಿಎನ್‌ಸಿ ಆಪರೇಟರ್ ಒಬ್ಬ ಅಳತೆಗೆ ಬಳಸುವ ತನ್ನ ಸ್ವಂತ ವರ್ನಿಯರನ್ನು ಟ್ರೇನಿ ಹುಡುಗನ ಕೈಗಿಟ್ಟು, 'ನೀನೇ ಇಟ್ಕೊ' ಅಂದ. ಸ್ವಂತ ದುಡ್ಡಲ್ಲಿ ಕೊಂಡ ವರ್ನಿಯರನ್ನು ಯಾವ ಆಪರೇಟರೂ ಇನ್ನೊಬ್ಬರಿಗೆ ಮುಟ್ಟಲೂ ಕೊಡುವುದಿಲ್ಲ. ಅದೇ ವಾರ ಚೀಟಿಯ ಲೆಕ್ಕವನ್ನೂ ಚುಕ್ತಾ ಮಾಡಿದ್ದ. ವಾರಗಟ್ಟಲೆ ನಿದ್ದೆಗೆಟ್ಟು ಕೆಂಪಾಗಿದ್ದ ಮುಖದಲ್ಲಿ ಇದ್ದಕ್ಕಿದ್ದಂತೆ ಸಮಾಧಾನ. ಉಳಿದವರು 'ಸದ್ಯ, ಸರಿಹೋದ' ಅಂದುಕೊಂಡರು. ಅವನ ಊರಿನ ಕಡೆಯವನೇ ಆದ ಗೆಳೆಯನೊಬ್ಬನಿಗೆ ಮಾತ್ರ ಆ ಸಮಾಧಾನವೇ ಸರಿಕಾಣಲಿಲ್ಲ. ಬಹುದಿನ ಒದ್ದಾಡಿದವರು ಕಾರಣವಿಲ್ಲದೆ ತಟ್ಟನೆ ಹಗುರಾಗಿ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ ಇನ್ನಷ್ಟು ಹತ್ತಿರ ಹೋಗಿ.

2. ಕೇಳುವುದಾದರೆ ನೇರವಾಗಿ ಕೇಳಿ

ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: 'ಏನೂ ಮಾಡ್ಕೊಳ್ಳಲ್ಲ ತಾನೇ?' ಇದಕ್ಕೆ ಒಂದೇ ಉತ್ತರ, 'ಇಲ್ಲಪ್ಪ'. ಕೇಳಿದವರಿಗೆ ಬೇಕಾದದ್ದೂ ಅದೇ. ಆ ಬಾಗಲಕೋಟೆಯವನ ಗೆಳೆಯ ಹೀಗೆ ಕೇಳಲಿಲ್ಲ. ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ಚಹಾ ಅಂಗಡಿಯ ಪಕ್ಕಕ್ಕೆ ಕರೆದೊಯ್ದು, 'ವರ್ನಿಯರ್ ಯಾಕ ಕೊಟ್ಟಿ? ಸಾಯಬೇಕು ಅಂತ ಅನ್ನಸಾಕತ್ತೈತೇನು ನಿನಗ?' ಎಂದ. ಅವನು ಬಹಳ ಹೊತ್ತು ಕಪ್ಪನ್ನೇ ನೋಡುತ್ತಿದ್ದ. ಆಮೇಲೆ, 'ಹೂಂ' ಅಂದ.

ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂದು ಹೆದರುವವರು ಬಹಳ. ಹಾಗಾಗುವುದಿಲ್ಲ ಎಂಬುದನ್ನು ಸಂಶೋಧನೆಗಳು ಮತ್ತೆಮತ್ತೆ ತೋರಿಸಿವೆ. ಒಳಗೇ ಬಚ್ಚಿಟ್ಟುಕೊಂಡಿದ್ದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಹೆಚ್ಚಿನವರು ಉಸಿರು ಬಿಡುತ್ತಾರೆ.

3. ಆಮೇಲೆ ಬಾಯಿ ಮುಚ್ಚಿಕೊಂಡಿರಿ

'ನಿನಗೇನು ಕಮ್ಮಿ, ಐಟಿ ಕೆಲಸ ಇದೆ', 'ಅಪ್ಪ ಅಮ್ಮನ ಮುಖ ನೋಡು' ಎನ್ನುವುದೆಲ್ಲ ಪ್ರೀತಿಯ ಮಾತೇ. ಆದರೆ 'ನಾನು ಎಲ್ಲರಿಗೂ ಭಾರ' ಎಂದುಕೊಂಡವನಿಗೆ ಅವು ಇನ್ನೊಂದು ಭಾರವಾಗುತ್ತವೆ. 'ಹೇಳು, ನಾನಿಲ್ಲೇ ಇದ್ದೀನಿ' ಅಂದರೆ ಸಾಕು.

4. 'ಯಾರಿಗೂ ಹೇಳಬೇಡ' ಎಂದರೆ ಆಣೆ ಮಾಡಬೇಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪಾಠ ಇದು. ಗೆಳೆಯನ ಗುಟ್ಟು ಕಾಯುವುದು ದೊಡ್ಡತನ ಎಂದು ನಾವು ಬೆಳೆದವರು. ಇಲ್ಲಿ ಆ ದೊಡ್ಡತನ ಬೇಡ. ಒಂದು ಜೀವದ ಗುಟ್ಟನ್ನು ಒಬ್ಬರೇ ಹೊತ್ತವರು ವಾರದೊಳಗೆ ತಾವೇ ನಿದ್ದೆಗೆಡುತ್ತಾರೆ, ಡ್ಯೂಟಿ ತಪ್ಪಿಸುತ್ತಾರೆ, ಕೊನೆಗೆ ಆ ಗೆಳೆಯನ ಫೋನ್ ಬಂದರೆ ಎತ್ತಲು ಅಂಜುತ್ತಾರೆ. ನಿಮ್ಮ ಕೆಲಸ ವಾಸಿ ಮಾಡುವುದಲ್ಲ, ಎರಡನೆಯ ಮನುಷ್ಯನನ್ನು ಕರೆತರುವುದು. 'ಊರೆಲ್ಲ ಡಂಗುರ ಹೊಡೆಯಲ್ಲ. ಆದರೆ ಒಬ್ಬರಿಗೆ ಹೇಳಲೇಬೇಕು, ಯಾರಿಗೆ ಹೇಳಲಿ ನೀನೇ ಹೇಳು' ಎಂದು ಆರಿಸುವ ಹಕ್ಕನ್ನು ಅವರಿಗೇ ಬಿಡಿ. ಅಕ್ಕನೋ ಭಾವನೋ ಹಳೆಯ ಮೇಷ್ಟ್ರೋ, ಒಂದು ಹೆಸರು ಬಂದೇ ಬರುತ್ತದೆ.

ಯಾವ ಹೆಸರೂ ಬರದಿದ್ದರೆ 14416 ಇದೆ. ಇದು ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಇದರ ತಂತ್ರಜ್ಞಾನ ನೋಡಿಕೊಳ್ಳುವ ಐಐಐಟಿ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲೇ. ಅದರ ಗೇಟಿನ ಮುಂದೆ ದಿನವೂ ಓಡಾಡುವ ಎಷ್ಟೋ ಮಂದಿಗೆ ಈ ನಂಬರೇ ಗೊತ್ತಿಲ್ಲ.

5. ಈ ರಾತ್ರಿಯ ಪ್ರಶ್ನೆ

'ಹೇಗೆ, ಯಾವಾಗ ಅಂತ ಏನಾದರೂ ಅಂದುಕೊಂಡಿದ್ದೀಯಾ?' ಎಂದೂ ಕೇಳಿ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಬಾತ್‌ರೂಮಿಗೆ ಹೋದರೂ ಚಿಲಕ ಹಾಕದಂತೆ ನೋಡಿಕೊಳ್ಳಿ. ಅಪಾಯ ತರುವಂಥದ್ದು ಕೈಗೆ ಸಿಗದಂತೆ ದೂರವಿಡಿ. ಸಾಯಲೇಬೇಕೆಂಬ ತೀವ್ರತೆ ಅಲೆಯ ಹಾಗೆ ಏರಿ ಇಳಿಯುತ್ತದೆ. ಅದು ಇಳಿಯುವ ತನಕ ಜೊತೆಗಿರುವುದೇ ಅರ್ಧ ಚಿಕಿತ್ಸೆ. ಕೈಮೀರುತ್ತಿದೆ ಅನ್ನಿಸಿದರೆ 108 ಅಥವಾ 112. ಎಲೆಕ್ಟ್ರಾನಿಕ್ ಸಿಟಿಯಿಂದ ಹೊಸೂರು ರಸ್ತೆ ಹಿಡಿದರೆ ಅದೇ ದಾರಿಯಲ್ಲಿ ನಿಮ್ಹಾನ್ಸ್, ತುರ್ತು ವಿಭಾಗ ಇಡೀ ರಾತ್ರಿ ತೆರೆದಿರುತ್ತದೆ. ಈಗಾಗಲೇ ಏನಾದರೂ ಮಾಡಿಕೊಂಡಿದ್ದರೆ ನಿಮ್ಹಾನ್ಸ್ ಹುಡುಕಬೇಡಿ, ಹತ್ತಿರದ ಯಾವ ಆಸ್ಪತ್ರೆಯಾದರೂ ಸರಿ.

6. ಒಬ್ಬರನ್ನೇ ಊರ ಬಸ್ಸು ಹತ್ತಿಸಬೇಡಿ

'ನಾಲ್ಕು ದಿನ ಊರಿಗೆ ಹೋಗಿ ಬಾ, ಸರಿಹೋಗ್ತೀಯ' ಎಂದು ಗೊರಗುಂಟೆಪಾಳ್ಯದಲ್ಲಿ ರಾತ್ರಿ ಬಸ್ಸು ಹತ್ತಿಸಿ, ಕೈ ತೊಳೆದುಕೊಳ್ಳುವುದು ಈ ಕಡೆಯ ರೂಢಿ. ಸೂಪರ್‌ವೈಸರುಗಳಿಗಂತೂ ಬಹಳ ಇಷ್ಟವಾದ ಪರಿಹಾರ. ಆ ಬಸ್ಸಿನಲ್ಲಿ ಇಡೀ ರಾತ್ರಿ ಆ ಮನುಷ್ಯ ಒಬ್ಬನೇ. ಮೇಲಾಗಿ ಎಷ್ಟೋ ಸಲ ಕಷ್ಟ ಹುಟ್ಟಿದ್ದೇ ಊರಲ್ಲಿ: ಮದುವೆಯ ಮಾತು, ಅಪ್ಪನ ಸಾಲ, ಜಾತಿಯ ಜಗಳ. ಊರಿಗೆ ಹೋಗುವುದು ಸರಿಯೇ ಎಂದು ಮೊದಲು ಅವರನ್ನೇ ಕೇಳಿ. ಹೋಗುವುದಾದರೆ ಮನೆಯವರು ಬಂದು ಕರಕೊಂಡು ಹೋಗಲಿ, ಇಲ್ಲವೇ ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ.

7. ಪೊಲೀಸರ ಭಯ, ಎಚ್‌ಆರ್ ಭಯ

ಪಿಜಿ ಮಾಲೀಕರ ಮೊದಲ ಮಾತೇ 'ಕೇಸಾಗುತ್ತೆ'. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಗೆ ಬಂದದ್ದು 2018ರ ಮೇನಲ್ಲಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಅಂದಿನಿಂದ ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮೇ ಇಲ್ಲ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸು) ಎಂದು ಬರೆದುಕೊಳ್ಳಬಹುದು, ಅದಕ್ಕೆ ಹೆದರಿ ಗಾಡಿ ತಿರುಗಿಸಬೇಡಿ. ಚಿಕಿತ್ಸೆಯ ವಿವರ ಗುಟ್ಟಾಗಿಡುವುದೂ ಅದೇ 2017ರ ಕಾಯ್ದೆಯ ಪ್ರಕಾರ ವೈದ್ಯರ ಕರ್ತವ್ಯ. ಎಚ್‌ಆರ್‌ಗೆ ಹೇಳಬೇಕೋ ಬೇಡವೋ ಎಂಬುದನ್ನು ರಜೆ ಬೇಕಾದಾಗ ಯೋಚಿಸಿದರಾಯಿತು. ಇಎಸ್‌ಐ ಕಾರ್ಡ್ ಇದ್ದವರಿಗೆ ಮಾನಸಿಕ ಚಿಕಿತ್ಸೆಯೂ ಅದರಲ್ಲೇ ಸಿಗುತ್ತದೆ.

8. ಬಿಡಿಸಬಹುದಾದ ಗಂಟು ಬಿಡಿಸಿ

ಬಾಗಲಕೋಟೆಯವನ ಕಥೆಯ ಬುಡದಲ್ಲಿ ಒಂದು ಸಾಲದ ಆ್ಯಪ್ ಇತ್ತು. ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಬೈಗುಳದ ಮೆಸೇಜು ಹೋಗುತ್ತಿದ್ದವು. ಗೆಳೆಯರು ಕೂತು, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು ಕೊಟ್ಟು, ಮೆಸೇಜು ಬಂದವರಿಗೆಲ್ಲ ತಾವೇ ಫೋನ್ ಮಾಡಿ ವಿಷಯ ತಿಳಿಸಿದರು. ಅವಮಾನದ ಅರ್ಧ ಅಲ್ಲಿಗೇ ಇಳಿಯಿತು. ಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಸಾಲದ ಗಂಟು ಬಿಡಿಸಿದ ಮಾತ್ರಕ್ಕೆ ಖಿನ್ನತೆ ಹೋಗದು, ಡಾಕ್ಟರ್ ಬೇಕೇ ಬೇಕು. ಆದರೆ ಡಾಕ್ಟರ್ ಬಳಿ ಹೋಗುವಷ್ಟು ತ್ರಾಣ ಬರುತ್ತದೆ.

9. ಡಿಸ್ಚಾರ್ಜ್ ಆದಮೇಲೆ ಪಾಳಿ ಹಾಕಿಕೊಳ್ಳಿ

ಆಸ್ಪತ್ರೆಯಿಂದ ಬಂದ ಮೊದಲ ಕೆಲವು ವಾರ ಅಪಾಯ ಹೆಚ್ಚು. ಹಣ್ಣು ಹಿಡಿದು ಬಂದವರೆಲ್ಲ ಮಾಯವಾಗುವುದೂ ಆಗಲೇ. ಬಾಗಲಕೋಟೆಯವನು ಆಸ್ಪತ್ರೆಯಿಂದ ಬಂದಾಗ ಮಷೀನ್ ಶಾಪಿನವರು ತಮಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದರು: ಫಸ್ಟ್ ಶಿಫ್ಟಿನವನು ಸಂಜೆ ಊಟಕ್ಕೆ ಕರೆಯುವುದು, ಸೆಕೆಂಡ್ ಶಿಫ್ಟಿನವನು ಬೆಳಿಗ್ಗೆ ಮಾತ್ರೆ ನೆನಪಿಸುವುದು, ಭಾನುವಾರ ರೂಮಿನಲ್ಲಿ ಒಬ್ಬನೇ ಉಳಿಯದಂತೆ ನೋಡಿಕೊಳ್ಳುವುದು. ಫೋನಿನಲ್ಲಿ ದಿನವೂ 'ಹೆಂಗಿದ್ದೀ?' ಎಂದು ತನಿಖೆ ಮಾಡಲಿಲ್ಲ, ಕ್ರಿಕೆಟ್ ಸ್ಕೋರ್ ಮಾತಾಡಿದರು.

ಪಾಳಿಯಲ್ಲಿ ನಿಮಗೂ ವಾರದ ರಜೆ ಇರಲಿ. 14416ಕ್ಕೆ ಗೆಳೆಯರ ಸಲುವಾಗಿ ನೀವೂ ಕರೆ ಮಾಡಬಹುದು, ನಿಮ್ಮ ಸಲುವಾಗಿಯೂ ಮಾಡಬಹುದು.