ಹದಿನಾರು ಕುಡಿಕೆಗಳ ಲೆಕ್ಕ

ನಮ್ಮ ತಂದೆಯವರು ಕುಂಬಾರರು, ಅಕ್ಷರ ಬಲ್ಲವರಲ್ಲ. ಸಂತೆಯ ಹಿಂದಿನ ದಿನ ಗೋಡೆಯ ಬದಿಗೆ ಕುಡಿಕೆಗಳನ್ನು ಒಟ್ಟುತ್ತಾರೆ. ನೆಲದ ಮೇಲೆ ಒಂದು ಸಾಲು. ಎರಡೆರಡರ ನಡುವಣ ಸಂದಿನ ಮೇಲೆ ಒಂದೊಂದು. ಹೀಗೆ ಮೇಲೆ ಹೋದಂತೆ ಸಾಲಿಗೆ ಒಂದು ಕಡಿಮೆ. ಕಳೆದ ರಜೆಯಲ್ಲಿ ಅವರು, "ಹದಿನಾರು ಕುಡಿಕೆ ಇದ್ದರೆ ಸಾಲು ತುಂಬೋದೇ ಇಲ್ಲ, ಒಂದೆರಡು ಮಿಕ್ಕೇ ಮಿಗ್ತವೆ. ಎಂಟಕ್ಕೂ ಹಂಗೇ. ಯಾಕೋ ಮಗಾ?" ಎಂದರು. ನಾನು ೩೨ರವರೆಗೆ ಬರೆದು ನೋಡಿ, "೧, ೨, ೪, ೮, ೧೬, ೩೨ ಇವು ಮಾತ್ರ ಆಗೋದಿಲ್ಲಪ್ಪ" ಎಂದೆ. "ನಾನು ಕೇಳಿದ್ದು ಯಾಕೆ ಅಂತ" ಎಂದರು. ಮೂರು ವರ್ಷ ಗಣಿತ ಓದಿದ ನಾನು ನಿರುತ್ತರನಾದೆ. ಅನಂತರ ಕಂಡುಕೊಂಡ ಉತ್ತರವನ್ನು ವಾಚಕರ ಮುಂದಿಡುತ್ತೇನೆ.

ಒಂದರಿಂದ ಮೊದಲುಗೊಂಡು ಅನುಕ್ರಮವಾಗಿ ಕೂಡುತ್ತ ಹೋದರೆ ೧, ೩, ೬, ೧೦, ೧೫, ೨೧ ಎಂಬ ತ್ರಿಕೋನ ಸಂಖ್ಯೆಗಳು ದೊರೆಯುತ್ತವೆ. ತುದಿಯಲ್ಲಿ ಒಂದೇ ಕುಡಿಕೆ ಬರುವಂತೆ ಒಟ್ಟಿದ ಒಟ್ಟಿಲು ಇಂಥದು. ಅದರ ಮೇಲಿನ ಕೆಲವು ಸಾಲುಗಳನ್ನು ತೆಗೆದರೆ ಉಳಿಯುವುದು ಎರಡು ತ್ರಿಕೋನ ಸಂಖ್ಯೆಗಳ ವ್ಯತ್ಯಾಸ: ೨೧ – ೬ = ೧೫, ಅಂದರೆ ೬ + ೫ + ೪. ಶ್ರೇಢಿಯ ಮೊತ್ತದಿಂದ ಅದರ ಮೊದಲ ಭಾಗವನ್ನು ಕಳೆಯುವ ಈ ಕ್ರಿಯೆಯನ್ನು, ಸುಮಾರು ೮೫೦ರಲ್ಲಿ, ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ 'ವ್ಯುತ್ಕಲಿತ'ವೆಂದು ಕರೆದು, ಎಂಟು ಪರಿಕರ್ಮಗಳಲ್ಲಿ ಒಂದಾಗಿ ಎಣಿಸಿದ್ದಾನೆ.

ಈಗ ಸಾಧನೆ. ಒಂದು ಒಟ್ಟಿಲಿನ ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ತಲೆಕೆಳಗಾಗಿ ಇಟ್ಟೆವೆಂದು ಭಾವಿಸೋಣ. ಆಗ ಪ್ರತಿ ಸಾಲಿನಲ್ಲಿಯೂ ಅಡಿಸಾಲು ಮತ್ತು ತುದಿಸಾಲುಗಳ ಮೊತ್ತದಷ್ಟೇ ಕುಡಿಕೆಗಳಿರುತ್ತವೆ. ಆದುದರಿಂದ ಕುಡಿಕೆಗಳ ಇಮ್ಮಡಿಯು ಎರಡು ಸಂಖ್ಯೆಗಳ ಗುಣಲಬ್ಧ: ಒಂದು, ಸಾಲುಗಳ ಸಂಖ್ಯೆ; ಇನ್ನೊಂದು, ಅಡಿ–ತುದಿಗಳ ಮೊತ್ತ. ಅಡಿಸಾಲಿನಿಂದ ತುದಿಸಾಲನ್ನು ಕಳೆದು ಒಂದನ್ನು ಕೂಡಿದರೆ ಸಾಲುಗಳ ಸಂಖ್ಯೆ ಬರುತ್ತದೆ. ಹಾಗಾಗಿ ಈ ಎರಡು ಸಂಖ್ಯೆಗಳನ್ನು ಕೂಡಿದರೆ ಅಡಿಸಾಲಿನ ಇಮ್ಮಡಿಗಿಂತ ಒಂದು ಹೆಚ್ಚು, ಅಂದರೆ ಬೆಸಸಂಖ್ಯೆ. ಎಂದಮೇಲೆ ಅವುಗಳಲ್ಲಿ ಒಂದು ಸಮ, ಒಂದು ಬೆಸ.

೧೬ರ ಇಮ್ಮಡಿ ೩೨. ಇದನ್ನು ನಿಶ್ಶೇಷವಾಗಿ ಭಾಗಿಸುವ ಬೆಸಸಂಖ್ಯೆ ೧ ಒಂದೇ. ಅಡಿ–ತುದಿಗಳ ಮೊತ್ತವು ಸಾಲುಗಳ ಸಂಖ್ಯೆಗಿಂತ ಯಾವಾಗಲೂ ದೊಡ್ಡದು. ಆದ್ದರಿಂದ ಸಾಲುಗಳ ಸಂಖ್ಯೆಯೇ ೧ ಆಗಬೇಕು. ಒಂದೇ ಸಾಲಾದರೆ ಒಟ್ಟಿಲೆಲ್ಲಿ? ಎರಡರ ಘಾತಗಳಿಗೆಲ್ಲ ಇದೇ ಗತಿ.

ಉಳಿದ ಸಂಖ್ಯೆಗಳಿಗೆ ಎಷ್ಟು ಬೆಸ ಭಾಜಕಗಳೋ ಅಷ್ಟು ರೀತಿಗಳು. ೧೫ಕ್ಕೆ ೧, ೩, ೫, ೧೫ ಎಂಬ ನಾಲ್ಕು. ಇಮ್ಮಡಿಯಾದ ೩೦ನ್ನು ೧ × ೩೦, ೨ × ೧೫, ೩ × ೧೦, ೫ × ೬ ಎಂದು ಒಡೆದು, ಚಿಕ್ಕದನ್ನು ಸಾಲುಗಳ ಸಂಖ್ಯೆಯೆಂದು ತೆಗೆದುಕೊಂಡರೆ ೧೫. ೮ + ೭. ೬ + ೫ + ೪. ೫ + ೪ + ೩ + ೨ + ೧ ಎಂದಾಗುತ್ತದೆ.

ಇದನ್ನು ಅಂಗಳದಲ್ಲಿ ಕುಡಿಕೆಗಳನ್ನೇ ಜೋಡಿಸಿ ತೋರಿಸಿದೆ. ತಂದೆಯವರು ತುಸು ಹೊತ್ತು ನೋಡಿ, "ಹಂಗಾದ್ರೆ ಹದಿನೇಳು ಮಾಡಿದರಾಯ್ತು, ಕೆಳಗೆ ಒಂಬತ್ತು, ಮೇಲೆ ಎಂಟು" ಎಂದರು. ೩೨ರವರೆಗೆ ನಾನು ಮಾಡಿದ್ದು ಬರಿಯ ಎಣಿಕೆ. ಸಾಧನೆಯನ್ನು ಕೇಳಿದವರು ಅವರು.