ಗೋಡೆ ಮುಚ್ಚುವ ಮುನ್ನ

1933ನೆಯ ಇಸವಿಯ ಮಾರ್ಚ್ 10, ಶುಕ್ರವಾರ. ಸಂಜೆ ಆರು ಗಂಟೆಗೆ ಇನ್ನು ಕೆಲವೇ ನಿಮಿಷಗಳಿದ್ದವು. ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ, ಪೆಸಿಫಿಕ್ ಸಾಗರದ ತೀರದಲ್ಲಿರುವ ಲಾಂಗ್ ಬೀಚ್ ನಗರದ ನೆಲ ಒಮ್ಮೆಲೇ ನಡುಗಿತು. ಆ ಭೂಕಂಪದಲ್ಲಿ ನೂರಕ್ಕೂ ಹೆಚ್ಚು ಜನರು ಮೃತರಾದರು. ಆ ನಗರದಲ್ಲಿಯೂ ಸುತ್ತಲಿನ ಪ್ರದೇಶದಲ್ಲಿಯೂ ಸುಮಾರು 70 ಶಾಲೆಗಳು ಕುಸಿದುಬಿದ್ದವು. ಪಾಠಗಳು ಮುಗಿದು ಮಕ್ಕಳು ಮನೆಗೆ ತೆರಳಿದ್ದುದರಿಂದ ಕೊಠಡಿಗಳು ಬರಿದಾಗಿದ್ದವು. ಅದೇ ಕಂಪನ ಕೆಲವು ಗಂಟೆ ಮೊದಲು ಸಂಭವಿಸಿದ್ದರೆ ಏನಾಗುತ್ತಿತ್ತೆಂಬುದನ್ನು, ಬೆಂಚುಗಳ ಮೇಲೆ ಬಿದ್ದ ಇಟ್ಟಿಗೆಯ ರಾಶಿಯೇ ಹೇಳುತ್ತಿತ್ತು.

ಹೊರನೋಟಕ್ಕೆ ಆ ಶಾಲೆಗಳಲ್ಲಿ ಹಲವು ಭವ್ಯವಾದ ಕಟ್ಟಡಗಳೇ ಆಗಿದ್ದವು. ಆದರೆ ಇಟ್ಟಿಗೆಯ ಗೋಡೆಗಳ ಒಳಗೆ ಕಬ್ಬಿಣದ ಸರಳುಗಳಿರಲಿಲ್ಲ; ಅನೇಕ ಕಡೆ ಗಾರೆ ಕಳಪೆಯಾಗಿತ್ತು. ಇವೆಲ್ಲ ಕಟ್ಟುವಾಗ ಕಣ್ಣಿಗೆ ಕಾಣುವ ದೋಷಗಳು. ಗೋಡೆ ಎದ್ದು ಬಣ್ಣ ಬಳಿದ ಮೇಲೆ ಯಾರಿಗೂ ಕಾಣದ ದೋಷಗಳು. ಸುಮಾರು ಮೂರುಸಾವಿರದ ಏಳುನೂರು ವರ್ಷಗಳ ಹಿಂದೆ ಬ್ಯಾಬಿಲೋನಿನ ಅರಸ ಹಮ್ಮುರಾಬಿಯು, ಮನೆ ಕುಸಿದು ಯಜಮಾನನು ಸತ್ತರೆ ಅದನ್ನು ಕಟ್ಟಿದವನಿಗೆ ಮರಣದಂಡನೆ ಎಂದು ಕಟ್ಟಳೆ ವಿಧಿಸಿದ್ದನು. ದಂಡನೆ ಕಠಿಣವೇ ಸರಿ. ಆದರೆ ಅದರಿಂದ ಸತ್ತ ಯಜಮಾನನು ಮರಳಿ ಬರುವುದಿಲ್ಲ. ಕ್ಯಾಲಿಫೋರ್ನಿಯದ ಶಾಸಕರು ಬೇರೆ ದಾರಿ ಹಿಡಿದರು. ಭೂಕಂಪವಾದ ಒಂದು ತಿಂಗಳಿಗೆ, 1933ರ ಏಪ್ರಿಲ್ 10ರಂದು, ಫೀಲ್ಡ್ ಶಾಸನವು ಜಾರಿಗೆ ಬಂದಿತು. ಸರ್ಕಾರಿ ಶಾಲೆಯ ನಕ್ಷೆಗೆ ರಾಜ್ಯದ ಒಪ್ಪಿಗೆ ಬೇಕೆಂದು ಅದು ವಿಧಿಸಿದ್ದಲ್ಲದೆ, ಕೆಲಸ ನಡೆಯುವಾಗ ಗುತ್ತಿಗೆದಾರನ ಅಧೀನದಲ್ಲಿಲ್ಲದ ಒಬ್ಬ ಪರಿವೀಕ್ಷಕನು ಸ್ಥಳದಲ್ಲಿದ್ದು ನೋಡತಕ್ಕದ್ದೆಂದು ಗೊತ್ತುಪಡಿಸಿತು. 1971ರ ಸ್ಯಾನ್ ಫರ್ನಾಂಡೊ ಮತ್ತು 1994ರ ನಾರ್ತ್‌ರಿಡ್ಜ್ ಭೂಕಂಪಗಳಲ್ಲಿ ಹೆದ್ದಾರಿಯ ಸೇತುವೆಗಳೂ ದೊಡ್ಡ ಕಟ್ಟಡಗಳೂ ಕುಸಿದವು. ಈ ಶಾಸನದಂತೆ ಕಟ್ಟಿದ ಶಾಲೆಗಳು ಕುಸಿಯಲಿಲ್ಲ.

ಶಾಲೆಗಳಿಗೆ ಮಾತ್ರವಲ್ಲ, ಸಾಮಾನ್ಯ ವಾಸದ ಮನೆಗಳಿಗೂ ಅಲ್ಲಿನ ನಗರಾಡಳಿತಗಳು ಪರಿವೀಕ್ಷಕರನ್ನು ನೇಮಿಸುತ್ತವೆ. ಇಂತಹ ಕಣ್ಣುಳ್ಳವರು ತಾನಾಗಿ ದೊರೆಯುವುದಿಲ್ಲ, ಅವರನ್ನು ಸಿದ್ಧಪಡಿಸಬೇಕು. ಆ ಹೊಣೆಯ ಬಹುಭಾಗವನ್ನು ಹೊತ್ತಿರುವುದು ಸಮುದಾಯ ಕಾಲೇಜು. ವಿಶ್ವವಿದ್ಯಾಲಯಕ್ಕೆ ಹೋಗಲಾರದವರಿಗೆ ಅವರ ಊರಿನಲ್ಲಿಯೇ, ಕಡಿಮೆ ಶುಲ್ಕದಲ್ಲಿ, ಪ್ರೌಢಶಾಲೆಯ ಮುಂದಿನ ಎರಡು ವರ್ಷಗಳ ಶಿಕ್ಷಣವನ್ನು ಕೊಡುವ ಸಂಸ್ಥೆ ಇದು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಆರು ಮಂದಿ ವಿದ್ಯಾರ್ಥಿಗಳೊಡನೆ ಇಂತಹ ಮೊದಲ ಸಾರ್ವಜನಿಕ ಕಾಲೇಜು ಪ್ರಾರಂಭವಾಯಿತು. ಇಂದು ಕ್ಯಾಲಿಫೋರ್ನಿಯ ಒಂದರಲ್ಲಿಯೇ ನೂರಕ್ಕೂ ಹೆಚ್ಚು ಸಮುದಾಯ ಕಾಲೇಜುಗಳಿವೆ.

ಕಟ್ಟಡ ಪರಿವೀಕ್ಷಣೆಯ ತರಗತಿಗಳು ಬಹುಮಟ್ಟಿಗೆ ಸಂಜೆಯ ಹೊತ್ತು ನಡೆಯುತ್ತವೆ. ಅದಕ್ಕೆ ಕಾರಣವಿದೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಹಗಲೆಲ್ಲ ದುಡಿದ ಬಡಗಿಗಳು, ಕೊಳಾಯಿ ಕೆಲಸದವರು, ವಿದ್ಯುತ್ ಕೆಲಸಗಾರರು. ವಯಸ್ಸಾದಂತೆ ತೊಲೆ ಹೊರಲು ಬೆನ್ನು ಒಪ್ಪದಿದ್ದಾಗ, ಕೈಯ ಅನುಭವವನ್ನು ಕಣ್ಣಿನ ಕೆಲಸಕ್ಕೆ ತಿರುಗಿಸಲು ಬಂದವರೂ ಅವರಲ್ಲಿರುತ್ತಾರೆ. ಪಾಠ ಹೇಳುವವರು ಕೂಡ ಅನೇಕ ವೇಳೆ ಹಗಲಿನಲ್ಲಿ ಯಾವುದಾದರೊಂದು ನಗರದ ಪರಿವೀಕ್ಷಕರೇ. ಬಡಗಿಗೆ ಮರದ ಗುಣ ಗೊತ್ತು, ವಿದ್ಯುತ್ತಿನ ತಂತಿ ಗೊತ್ತಿಲ್ಲ. ತಂತಿ ಬಲ್ಲವನಿಗೆ ಅಡಿಪಾಯದ ಲೆಕ್ಕ ತಿಳಿಯದು. ಪರಿವೀಕ್ಷಕನಾಗುವವನು ಎಲ್ಲವನ್ನೂ ತಕ್ಕಮಟ್ಟಿಗೆ ತಿಳಿದಿರಬೇಕು.

ಮೊದಲ ಪಾಠ ನಕ್ಷೆಯನ್ನು ಓದುವುದು. ಅನಂತರ ಅಡಿಪಾಯ, ಚೌಕಟ್ಟು, ಕೊಳಾಯಿ, ವಿದ್ಯುತ್ತು, ಬೆಂಕಿಯಿಂದ ರಕ್ಷಣೆ ಇವುಗಳ ನಿಯಮಗಳು ಒಂದೊಂದಾಗಿ ಬರುತ್ತವೆ. ಅಮೆರಿಕದ ಬಹುತೇಕ ಮನೆಗಳು ಮರದ ಚೌಕಟ್ಟಿನವು. ಇಂತಹ ಮನೆಯು ಭೂಕಂಪದಲ್ಲಿ ಮುರಿಯುವುದಕ್ಕಿಂತ ಮೊದಲೇ ಅಡಿಪಾಯದಿಂದ ಜಾರಿಬಿಡುವ ಅಪಾಯವುಂಟು. ಆದುದರಿಂದ ಗೋಡೆಯ ತಳದ ಮರವನ್ನು ಕಾಂಕ್ರೀಟಿಗೆ ಬೋಲ್ಟುಗಳಿಂದ ಬಿಗಿಯಬೇಕು. ಸಾಮಾನ್ಯ ನಿಯಮದಂತೆ ಬೋಲ್ಟು ಅರ್ಧ ಅಂಗುಲ ದಪ್ಪವಿರಬೇಕು. ಏಳು ಅಂಗುಲ ಕಾಂಕ್ರೀಟಿನೊಳಗೆ ಇಳಿದಿರಬೇಕು. ಒಂದಕ್ಕೂ ಇನ್ನೊಂದಕ್ಕೂ ಆರು ಅಡಿಗಿಂತ ಹೆಚ್ಚು ಅಂತರವಿರಬಾರದು. ಗೋಡೆಗೆ ಹಲಗೆ ಬಡಿಯುವಾಗ ಮೊಳೆಯ ತಲೆ ಹಲಗೆಯನ್ನು ಸೀಳಿ ಒಳಹೊಕ್ಕರೆ ಅದರ ಹಿಡಿತ ಸಡಿಲವಾಗುತ್ತದೆ. ಯಂತ್ರದಿಂದ ಮೊಳೆ ಹೊಡೆಯುವ ಈ ಕಾಲದಲ್ಲಿ ಇಂತಹ ತಪ್ಪು ಸುಲಭವಾಗಿ ನಡೆಯುತ್ತದೆ. ಮೊಳೆಯ ತಲೆಯನ್ನು ನೋಡಿಯೇ ಗೋಡೆಯ ಬಲವನ್ನು ಅಳೆಯಲು ವಿದ್ಯಾರ್ಥಿಯು ಕಲಿಯುತ್ತಾನೆ.

ಮೆಟ್ಟಿಲುಗಳ ನಿಯಮವಂತೂ ಕುತೂಹಲಕರವಾದುದು. ಮನೆಯ ಮೆಟ್ಟಿಲು ಏಳೂಮುಕ್ಕಾಲು ಅಂಗುಲಕ್ಕಿಂತ ಎತ್ತರವಿರಬಾರದೆಂಬುದು ಹೆಚ್ಚಾಗಿ ಬಳಕೆಯಲ್ಲಿರುವ ಮಾದರಿ ನಿಯಮ. ಅದಕ್ಕಿಂತ ಮುಖ್ಯವಾದುದೆಂದರೆ, ಒಂದೇ ಸಾಲಿನ ಅತಿ ಎತ್ತರದ ಮೆಟ್ಟಿಲಿಗೂ ಅತಿ ಕುಳ್ಳಾದ ಮೆಟ್ಟಿಲಿಗೂ ಅಂಗುಲದ ಎಂಟನೆಯ ಮೂರು ಭಾಗಕ್ಕಿಂತ ಹೆಚ್ಚು ವ್ಯತ್ಯಾಸವಿರಕೂಡದು. ಎರಡು ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಎತ್ತರವನ್ನು ರೂಢಿ ಮಾಡಿಕೊಳ್ಳುತ್ತದೆ. ಅನಂತರ ಒಂದು ಮೆಟ್ಟಿಲು ತಪ್ಪಿದರೂ ಮನುಷ್ಯ ಎಡವುತ್ತಾನೆ. ಎತ್ತರದ ಜಾಗದ ಕಟಕಟೆಯ ಕಂಬಿಗಳ ನಡುವೆ ನಾಲ್ಕು ಅಂಗುಲದ ಗೋಲ ತೂರಬಾರದೆಂಬ ನಿಯಮವೂ ಇದೆ. ಎಳೆಯ ಮಗುವಿನ ದೇಹ ನುಸುಳದಿರಲೆಂದು ಗೊತ್ತುಮಾಡಿದ ಅಳತೆ ಅದು.

ಈ ವೃತ್ತಿಯ ಪ್ರಮಾಣಪತ್ರಕ್ಕಾಗಿ ನಡೆಯುವ ಪರೀಕ್ಷೆಯಲ್ಲಿ ನಿಯಮಗಳ ಪುಸ್ತಕವನ್ನು ತೆರೆದಿಟ್ಟುಕೊಂಡೇ ಉತ್ತರಿಸಬಹುದು. ಇದರಿಂದ ಪರೀಕ್ಷೆ ಸುಲಭವೆಂದು ಭಾವಿಸುವಂತಿಲ್ಲ. ನೂರಾರು ಪುಟಗಳ ಗ್ರಂಥದಲ್ಲಿ ಬೇಕಾದ ನಿಯಮವನ್ನು ಸೀಮಿತ ಕಾಲದಲ್ಲಿ ಹುಡುಕಿ ತೆಗೆಯುವುದು ಅಭ್ಯಾಸವಿಲ್ಲದವನಿಗೆ ಸಾಧ್ಯವಾಗದು. ಕೆಲಸದಲ್ಲಿಯೂ ಅವನಿಗೆ ಬೇಕಾದುದು ಅದೇ ಸಾಮರ್ಥ್ಯ.

ಏಕೆಂದರೆ ಪರಿವೀಕ್ಷಕನು ಬಾಯಿಮಾತಿನಲ್ಲಿ ಬೇಡವೆಂದರೆ ಸಾಲದು. ಅಡಿಪಾಯದ ಕಂದಕದ ಪಕ್ಕದಲ್ಲಿ ಕಾಂಕ್ರೀಟಿನ ಲಾರಿ ಬಂದು ನಿಂತಿರುತ್ತದೆ. ಕಾಂಕ್ರೀಟು ಗಟ್ಟಿಯಾಗಲು ತೊಡಗಿದರೆ ಹಣವೆಲ್ಲ ವ್ಯರ್ಥ. ಒಳಗೆ ಸರಳುಗಳು ಮಣ್ಣಿಗೆ ತಾಗಿರುವುದನ್ನು ಕಂಡು ಪರಿವೀಕ್ಷಕನು ತಡೆದರೆ ಗುತ್ತಿಗೆದಾರನು ಸಿಡುಕುವುದು ಸಹಜ. ಅಂತಹ ಗಳಿಗೆಯಲ್ಲಿ ಯಾವ ನಿಯಮದ ಯಾವ ಕಲಮನ್ನು ಮೀರಲಾಗಿದೆಯೆಂದು ಬರೆದುಕೊಡುವುದನ್ನು ಕಾಲೇಜಿನಲ್ಲಿ ಕಲಿಸುತ್ತಾರೆ. ಬರೆದುಕೊಟ್ಟ ಕಲಮಿನ ಮುಂದೆ ದಾಕ್ಷಿಣ್ಯಕ್ಕೂ ದರ್ಪಕ್ಕೂ ಹೆಚ್ಚು ಎಡೆಯಿರುವುದಿಲ್ಲ. ತಪ್ಪನ್ನು ತಿದ್ದಿದ ಮೇಲೆ ಅವನು ಮತ್ತೆ ಬಂದು ನೋಡಿ ಸಹಿ ಹಾಕುತ್ತಾನೆ. ಆ ಸಹಿ ಬೀಳುವವರೆಗೆ ಕಾಂಕ್ರೀಟು ಸುರಿಯುವಂತಿಲ್ಲ. ಮುಂದಿನ ಹಂತದಲ್ಲಿ ಕೊಳಾಯಿಯನ್ನೂ ತಂತಿಯನ್ನೂ ಅವನು ನೋಡುವವರೆಗೆ ಗೋಡೆಯನ್ನು ಮುಚ್ಚುವಂತಿಲ್ಲ.

ಕ್ಯಾಲಿಫೋರ್ನಿಯದಲ್ಲಿ 1995ರ ಒಂದು ಶಾಸನದಂತೆ, ಹೊಸದಾಗಿ ನೇಮಕಗೊಂಡ ಪರಿವೀಕ್ಷಕನು ಗೊತ್ತುಪಡಿಸಿದ ಅವಧಿಯೊಳಗೆ ಪ್ರಮಾಣಪತ್ರವನ್ನು ಪಡೆಯಬೇಕು. ಪಡೆದ ಬಳಿಕವೂ ಪ್ರತಿ ಮೂರು ವರ್ಷಗಳ ಅವಧಿಯಲ್ಲಿ 45 ಗಂಟೆಗಳ ಮುಂದುವರಿದ ಶಿಕ್ಷಣವನ್ನು ಪೂರೈಸಬೇಕು. ರಾಷ್ಟ್ರದ ಮಾದರಿ ನಿಯಮಗ್ರಂಥಗಳೂ ಮೂರು ವರ್ಷಗಳಿಗೊಮ್ಮೆ ಪರಿಷ್ಕಾರಗೊಂಡು ಅಚ್ಚಾಗುತ್ತವೆ. ಹೀಗಾಗಿ ತಲೆ ನರೆತ ಪರಿವೀಕ್ಷಕನು ಹೊಸ ಪುಸ್ತಕವನ್ನು ಹಿಡಿದು ಮತ್ತೊಮ್ಮೆ ವಿದ್ಯಾರ್ಥಿಗಳ ಬೆಂಚಿನಲ್ಲಿ ಕುಳಿತುಕೊಳ್ಳುವುದು ಅಲ್ಲಿ ಅಪರೂಪವಾದ ನೋಟವೇನೂ ಅಲ್ಲ.