ಅಂಗಡಿಯಲ್ಲಿ ಜಾರಿ ಬಿದ್ದ ನೌಕರ: ಮಾಲೀಕರ ಹೊಣೆ ಎಷ್ಟು?

ಬೆಂಕಿ ಮತ್ತು ಕಳ್ಳತನಕ್ಕೆ ತಪ್ಪದೆ ವಿಮೆ ಮಾಡಿಸುವ ವರ್ತಕ ಬಾಂಧವರು, ಅಟ್ಟದಿಂದ ಸರಕು ಇಳಿಸುವ ನೌಕರನ ವಿಷಯದಲ್ಲಿ ಅಷ್ಟು ಯೋಚಿಸುವುದಿಲ್ಲ. ಮಳಿಗೆಗಳಲ್ಲಿ ನೌಕರರು ಬೀಳುವುದಕ್ಕೆ ಕಾರಣಗಳು ತೀರ ಸಾಮಾನ್ಯವಾದವು: ಒರೆಸಿದ ನೆಲ ಆರುವ ಮುನ್ನ ಓಡಾಟ, ಎಣ್ಣೆ ಡಬ್ಬಿಯಿಂದ ಸೋರಿದ ನಾಲ್ಕು ಹನಿ, ನಡೆಯುವ ದಾರಿಯಲ್ಲೇ ಇಳಿಸಿದ ಮೂಟೆ, ಏಣಿಯ ಬದಲು ಬಳಸುವ ಪ್ಲಾಸ್ಟಿಕ್ ಸ್ಟೂಲು. ಮಳೆಗಾಲದಲ್ಲಿ ಬಾಗಿಲಿಗೆ ಹಾಸುವ ಗೋಣಿಚೀಲ ನೀರು ಹೀರುವುದೇನೋ ನಿಜ. ಕಾಲಿಗೆ ತೊಡರುವುದೂ ಅದೇ.

"ಅವನೇ ನೋಡಿಕೊಂಡು ನಡೆಯಲಿಲ್ಲ" ಎಂಬ ಸಮಾಧಾನ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಗಾಯವು ಕೆಲಸದ ನಿಮಿತ್ತ, ಕೆಲಸದ ವೇಳೆಯಲ್ಲಿ ಸಂಭವಿಸಿತೇ ಎಂಬುದೇ ಮುಖ್ಯ ಪ್ರಶ್ನೆ. 1948ರ ನೌಕರರ ರಾಜ್ಯ ವಿಮಾ ಕಾಯಿದೆಯಲ್ಲಿದ್ದ ಈ ತತ್ತ್ವವು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ.

ಹತ್ತು ಅಥವಾ ಹೆಚ್ಚು ಜನರಿರುವ ಮಳಿಗೆಗಳಲ್ಲಿ, 21,000 ರೂ. ಮೀರದ ಮಾಸಿಕ ವೇತನದ ನೌಕರರಿಗೆ ಇ.ಎಸ್.ಐ. ಅನ್ವಯಿಸುತ್ತದೆ. 2019ರ ಜುಲೈನಿಂದ ಮಾಲೀಕರ ವಂತಿಗೆ ಶೇ. 3.25, ನೌಕರರದು ಶೇ. 0.75. ಅಂದರೆ 15,000 ರೂ. ವೇತನಕ್ಕೆ ಮಾಲೀಕರ ಪಾಲು ತಿಂಗಳಿಗೆ ಸುಮಾರು 488 ರೂಪಾಯಿ. ಪ್ರತಿಯಾಗಿ, ಕಾಲು ಮುರಿದು ಮಲಗಿದ ನೌಕರನಿಗೆ ಚಿಕಿತ್ಸೆಯ ಜೊತೆಗೆ ವೇತನದ ಸುಮಾರು ಶೇ. 90ರಷ್ಟು ನಗದು ಸೌಲಭ್ಯವನ್ನು ನಿಗಮವೇ ಕೊಡುತ್ತದೆ. ಕೆಲಸದಲ್ಲಾದ ಗಾಯಕ್ಕೆ ಇಂತಿಷ್ಟು ತಿಂಗಳ ವಂತಿಗೆ ಕಟ್ಟಿರಬೇಕೆಂಬ ನಿಯಮವಿಲ್ಲ. ಆದುದರಿಂದ ದೀಪಾವಳಿ ವ್ಯಾಪಾರಕ್ಕೆಂದು ಸೇರಿಸಿಕೊಂಡ ಹಂಗಾಮಿ ಹುಡುಗನನ್ನೂ ಮೊದಲ ದಿನವೇ ನೋಂದಾಯಿಸುವುದು ಲೇಸು.

ನೋಂದಾಯಿಸದಿದ್ದರೆ? ನಿಗಮವು ಗಾಯಾಳುವಿಗೆ ಸೌಲಭ್ಯ ನೀಡಿ, ಅದರ ಮೊತ್ತವನ್ನು ತಪ್ಪಿತಸ್ಥ ಮಾಲೀಕರಿಂದ ವಸೂಲು ಮಾಡಬಹುದು. ಶಾಶ್ವತ ಅಂಗವಿಕಲತೆಯಾದರೆ ಜೀವಮಾನದ ಪಾವತಿಯ ಲೆಕ್ಕವೇ ಎದುರಾಗುತ್ತದೆ. 488 ರೂಪಾಯಿಯ ಉಳಿತಾಯಕ್ಕೆ ಇದು ಬಹಳ ದುಬಾರಿ. ಹಂಗಾಮಿ ನೌಕರರ ಕೂಲಿಯನ್ನು "ಇತರ ಖರ್ಚು" ಎಂದು ಬರೆಯುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ತಪಾಸಣೆಗೆ ಬಂದವರು ಮೊದಲು ತೆರೆಯುವುದು ಬಹುಶಃ ಆ ವೋಚರುಗಳನ್ನೇ.

ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಗಳವರು ಸಾಮಾನ್ಯ ವಿಮಾ ಕಂಪನಿಗಳ ನೌಕರ ಪರಿಹಾರ ಪಾಲಿಸಿಯನ್ನು ವಿಚಾರಿಸಬಹುದು. ಅಂಗಡಿಯ ಬೆಂಕಿ ವಿಮೆಯಲ್ಲಿ ನೌಕರರ ಗಾಯ ಸೇರಿರುವುದಿಲ್ಲ. ಪಾಲಿಸಿಯಲ್ಲಿ ಘೋಷಿಸುವ ನೌಕರರ ಸಂಖ್ಯೆ ಮತ್ತು ವೇತನ ನಿಮ್ಮ ವೇತನ ಪುಸ್ತಕದೊಡನೆ ತಾಳೆಯಾಗಬೇಕು. ಆರು ಜನರಿದ್ದು ನಾಲ್ವರನ್ನು ತೋರಿಸಿದರೆ, ಬಿದ್ದವನು ಆ ನಾಲ್ವರಲ್ಲಿ ಒಬ್ಬನೇ ಎಂಬ ತಕರಾರಿನಿಂದಲೇ ಕ್ಲೇಮು ಆರಂಭವಾಗುತ್ತದೆ.